ಹೊರಟ ಹಕ್ಕಿಯ ಕೊನೆಯ ದಿನ ಬರೆದಿಡುವುದು ಹೇಗೆ?

ಚಳಿಗಾಲದ ಮೊದಲ ವಲಸೆ ಹಕ್ಕಿ ಕೆರೆಗೆ ಇಳಿದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಬ್ಬ. ಬಂದ ದಿನ ಎಲ್ಲರಿಗೂ ಬಾಯಿಪಾಠ. ಅದೇ ಹಕ್ಕಿ ಹೋದದ್ದು ಯಾವಾಗ ಅಂತ ಮೇ ತಿಂಗಳಲ್ಲಿ ಕೇಳಿ ನೋಡಿ. ‘ಮಾರ್ಚ್‌ನಲ್ಲೋ ಏನೋ’ ಅನ್ನುತ್ತಾರೆ.

ನಮ್ಮಲ್ಲಿ ವಸಂತ ಅಂದರೆ ಕೆರೆ ಖಾಲಿಯಾಗುವ ಕಾಲ. ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಬೇಗ ಹೊರಡುತ್ತವೆ. ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆಗೆ ಅವುಗಳ ದಾರಿ. ಗುಲಾಬಿ ಕಬ್ಬಕ್ಕಿ, ಕವಲುತೋಕೆ, ಗದ್ದೆಗೊರವಗಳು ಏಪ್ರಿಲ್ ತನಕ ಕಾಲೆಳೆಯುತ್ತವೆ. ಇದರ ನಡುವೆ ನೀಲಿ ಬಾಲದ ಕಳ್ಳಿಪೀರಗಳು ಶ್ರೀರಂಗಪಟ್ಟಣದ ಸುತ್ತ ಕಾವೇರಿ ದಂಡೆಗೆ ಗೂಡು ತೋಡಲು ಬರುತ್ತವೆ. ಹೋಗುವವರ, ಬರುವವರ ಲೆಕ್ಕ ಎರಡೂ ಬೇಕು. ಬರುವವರ ಲೆಕ್ಕ ಸುಲಭ, ಹೋಗುವವರದ್ದೇ ತಲೆನೋವು.

ಮೊದಲು ಕೆರೆ ಆರಿಸಿ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ, ಹೆಸರಿಲ್ಲದ ಕೆರೆಯಾದರೂ ಸರಿ. ರಂಗನತಿಟ್ಟಿಗೆ ವರ್ಷಕ್ಕೊಮ್ಮೆ ಹೋಗಿ ಬರೆದ ಪಟ್ಟಿಯಿಂದ ಹಕ್ಕಿ ಕೊನೆಯದಾಗಿ ಕಂಡ ದಿನ ಸಿಗುವುದಿಲ್ಲ. ವಾರಕ್ಕೆರಡು ಸಲ ಒಂದೇ ದಾರಿಯಲ್ಲಿ, ಒಂದೇ ಹೊತ್ತಿಗೆ ಹೋಗಬೇಕು.

ಬೈನಾಕ್ಯುಲರ್ 8x42 ಸಾಕು. ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಮಿಲಿಮೀಟರ್ ಗಾಜು ಬೆಳಗಿನ ಮಬ್ಬಿನಲ್ಲೂ ಬೇಕಾದಷ್ಟು ಬೆಳಕು ಕೊಡುತ್ತದೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ‘ನೂರಾರು ಪಟ್ಟು ಜೂಮ್’ ಅಂತ ಬರೆದ ಮಾಲು ಮಾತ್ರ ಬೇಡವೇ ಬೇಡ. ಜೂಮ್ ಮಾಡಿದಷ್ಟೂ ಕೈ ನಡುಗುತ್ತದೆ, ಕೊನೆಗೆ ಕಾಣುವುದು ಕಂದು ಮಸುಕು.

ಬೆಳಿಗ್ಗೆ ಪೂರ್ವದ ಏರಿಯ ಮೇಲೆ ನಿಲ್ಲಿ. ಸೂರ್ಯ ಬೆನ್ನಿಗಿರುತ್ತಾನೆ. ಎದುರು ಬಿಸಿಲಲ್ಲಿ ನಿಂತರೆ ಎಲ್ಲ ಹಕ್ಕಿಯೂ ಕರಿ ಹಕ್ಕಿಯೇ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಬಿಸಿಗಾಳಿ ಕುಣಿಯತೊಡಗುತ್ತದೆ. ಅಷ್ಟರೊಳಗೆ ಕೆಲಸ ಮುಗಿಸಿಬಿಡಿ.

ಈಗ ಜನ ಎಡವುವ ಜಾಗಕ್ಕೆ ಬರೋಣ. ಊರಿನ ಹಕ್ಕಿಯನ್ನೇ ವಲಸೆ ಹಕ್ಕಿ ಅಂತ ಬರೆದುಬಿಡುವುದು. ಬಾಲ ಕುಣಿಸುವ ಪುಟ್ಟ ಹಕ್ಕಿ ಕುಂಡೆಕುಸ್ಕವನ್ನೇ (ವ್ಯಾಗ್‌ಟೇಲ್) ತೆಗೆದುಕೊಳ್ಳಿ. ‘ಕುಂಡೆಕುಸ್ಕ ಮೇ ತಿಂಗಳಲ್ಲೂ ಇತ್ತು ಸಾರ್’ ಅಂತ ಹೇಳುವವರು ನೋಡಿರುವುದು ಸಾಮಾನ್ಯವಾಗಿ ಬಿಳಿ ಹುಬ್ಬಿನದನ್ನು. ಅದು ವರ್ಷಪೂರ್ತಿ ಇಲ್ಲೇ ಇರುತ್ತದೆ. ಮೈ ದೊಡ್ಡದು, ತಲೆ, ಬೆನ್ನು ಕಪ್ಪು, ಕಣ್ಣಿನ ಮೇಲೆ ಬಿಳಿ ಹುಬ್ಬು. ವಲಸೆ ಬರುವ ಬಿಳಿ ಕುಂಡೆಕುಸ್ಕದ ಮುಖವೇ ಬಿಳಿ. ಕವಲುತೋಕೆಯಲ್ಲೂ ಇದೇ ಗೋಳು. ಬೆನ್ನಿನ ಕೆಳಗೆ, ಬಾಲದ ಬುಡದಲ್ಲಿ ಕೆಂಗಂದು ಬಣ್ಣ ಕಂಡರೆ ಅದು ಬೇರೆ ಜಾತಿ, ಅದರಲ್ಲಿ ಊರಲ್ಲೇ ಉಳಿಯುವವೂ ಇವೆ. ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂತು ಹೊರಡಲು ಸಜ್ಜಾಗುವ ವಲಸೆಯ ಕವಲುತೋಕೆಗೆ ಗಂಟಲು ಕೆಂಪು, ಅದರ ಕೆಳಗೆ ಕಪ್ಪು ಪಟ್ಟಿ, ಬೆನ್ನು ಪೂರ್ತಿ ಕಡುನೀಲಿ.

‘ಕೆರೆಯಲ್ಲಿ ಇನ್ನೂ ಬಾತು ಇವೆ’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಚುಕ್ಕೆ ಕೊಕ್ಕಿನ ಬಾತು, ಸಿಳ್ಳೆಬಾತು ದೂರ ದೇಶಕ್ಕೆ ಹೋಗುವುದಿಲ್ಲ. ವಲಸೆ ಬರುವ ಗಾರ್ಗನೇ ಬಾತನ್ನು ಹುಡುಕಿ. ಶರತ್ಕಾಲದಲ್ಲಿ ಗಂಡು, ಹೆಣ್ಣು ಎರಡೂ ಮಂಕು ಕಂದು. ಫೆಬ್ರವರಿ ಹೊತ್ತಿಗೆ ಗಂಡಿನ ಕಣ್ಣಿನ ಮೇಲೆ ಸುಣ್ಣದಲ್ಲಿ ಎಳೆದ ಹಾಗೆ ದಪ್ಪ ಬಿಳಿ ಗೆರೆ ಮೂಡಿರುತ್ತದೆ. ದೂರದಿಂದಲೂ ತಪ್ಪುವುದಿಲ್ಲ.

ನಿಜವಾದ ಪರೀಕ್ಷೆ ಸ್ಯಾಂಡ್‌ಪೈಪರ್‌ಗಳದ್ದು, ಅಂದರೆ ಗದ್ದೆಗೊರವಗಳದ್ದು. ಕಾಮನ್, ಗ್ರೀನ್, ವುಡ್ ಅಂತ ಮೂರು ಜಾತಿ, ಮೂರೂ ಕೆಸರಿನ ಅಂಚಿನಲ್ಲಿ, ಮೂರೂ ಕಂದು. ಕೂತಾಗಲೇ ತಿಣುಕಾಡಬೇಡಿ, ಹಾರುವ ತನಕ ಕಾಯಿರಿ. ಕಾಮನ್ ಸ್ಯಾಂಡ್‌ಪೈಪರ್ ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆ ಬಿಗಿಹಿಡಿದು ಪಟಪಟ ಅಂತ ಹೋಗುತ್ತದೆ. ರೆಕ್ಕೆಯ ಮೇಲೆ ಬಿಳಿ ಪಟ್ಟಿ ಇದೆ, ಬಾಲದ ಬುಡದಲ್ಲಿ ಬಿಳಿ ಇಲ್ಲ. ಉಳಿದ ಎರಡಕ್ಕೆ ಬಾಲದ ಬುಡ ಬೆಳ್ಳಗೆ. ಆಗ ರೆಕ್ಕೆಯ ಅಡಿಭಾಗ ನೋಡಿ. ಕಪ್ಪಾಗಿದ್ದರೆ ಗ್ರೀನ್, ತಿಳಿಯಾಗಿದ್ದರೆ ವುಡ್. ಕೂತಿದ್ದಾಗಲೇ ಹೇಳಲೇಬೇಕು ಅಂದರೆ ಕಾಮನ್‌ನ ಭುಜದ ಮುಂದೆ ಬಿಳಿ ಬಣ್ಣ ಮೇಲಕ್ಕೆ ಚುಚ್ಚಿಕೊಂಡಿರುತ್ತದೆ, ಬಾಲ ಒಂದೇ ಸಮ ಕುಣಿಯುತ್ತಿರುತ್ತದೆ. ವುಡ್‌ನ ಬಿಳಿ ಹುಬ್ಬು ಕಣ್ಣಿನ ಹಿಂದಕ್ಕೂ ಹೋಗುತ್ತದೆ, ಗ್ರೀನ್‌ನದು ಕಣ್ಣಿನ ಮುಂದೆಯೇ ನಿಲ್ಲುತ್ತದೆ. ಇಷ್ಟಾದರೂ ಗೊತ್ತಾಗದಿದ್ದರೆ ‘ಯಾವುದೋ ಸ್ಯಾಂಡ್‌ಪೈಪರ್’ ಅಂತಲೇ ಬರೆಯಿರಿ. ಅದು ಅವಮಾನ ಅಲ್ಲ.

ಫೋನಿನ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ನಿಜ. ಅದನ್ನು ಸುಳಿವು ಅಂತ ಇಟ್ಟುಕೊಳ್ಳಿ. ಪರದೆಯ ಮೇಲೆ ಬಂದ ಹೆಸರನ್ನೆಲ್ಲ ಸುಮ್ನೆ ಪಟ್ಟಿಗೆ ಸೇರಿಸುವವರ ಮೇಲೆ ನನಗೆ ಸಿಟ್ಟು. ಕೂಗು ಕೇಳಿಸಿ ಹಕ್ಕಿ ಕರೆಯುವುದಂತೂ ಬೇಡ. ದೂರದ ಪಯಣಕ್ಕೆ ಕೊಬ್ಬು ಕೂಡಿಡುವ ಹೊತ್ತಲ್ಲಿ ಅವುಗಳಿಗೆ ಮೇಯುವುದು ಬಿಟ್ಟು ಬೇರೆ ಕೆಲಸ ಕೊಡಬಾರದು.

ಎಣಿಕೆಗೆ ಹಿಂಡಿನಲ್ಲಿ ಹತ್ತು ಹಕ್ಕಿ ಎಣಿಸಿ, ಅಂಥ ಎಷ್ಟು ತುಂಡು ಆಗುತ್ತದೆ ಅಂತ ಅಳೆಯಿರಿ. ‘ತುಂಬಾ ಇತ್ತು’ ಅನ್ನುವುದು ಲೆಕ್ಕ ಅಲ್ಲ. ಹೆಬ್ಬಾತಿನ ಕೊರಳಲ್ಲಿ ಪ್ಲಾಸ್ಟಿಕ್ ಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ.

ಇನ್ನು ಬರೆಯುವ ವಿಷಯ. ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಇಬರ್ಡ್ ಆ್ಯಪ್ ಪುಕ್ಕಟೆ. ನಡೆಯಲು ಶುರು ಮಾಡುವಾಗಲೇ ಪಟ್ಟಿ ತೆರೆಯಿರಿ, ಮನೆಗೆ ಬಂದು ನೆನಪಿನಿಂದ ತುಂಬಿಸಬೇಡಿ. ಗುರುತು ಸಿಕ್ಕ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಅಂತ ಕೊನೆಗೆ ಒಂದು ಪ್ರಶ್ನೆ ಬರುತ್ತದೆ. ಕಾಗೆ, ಮೈನಾ, ಪಾರಿವಾಳ ಸೇರಿಸಿ ಎಲ್ಲ ಬರೆದು ‘ಹೌದು’ ಒತ್ತಬೇಕು. ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಏಪ್ರಿಲ್ 10ರ ಪೂರ್ತಿ ಪಟ್ಟಿಯಲ್ಲಿ ಗಾರ್ಗನೇ ಇಲ್ಲ ಅಂದರೆ, ನೋಡಿದಿರಿ, ಕಾಣಲಿಲ್ಲ ಅಂತ ಅರ್ಥ. ಅಪರೂಪದ ಹಕ್ಕಿ ಮಾತ್ರ ಬರೆದ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಏನೂ ಅರ್ಥವಾಗುವುದಿಲ್ಲ. ಆದ್ದರಿಂದ ಹಕ್ಕಿ ಹೋಯಿತು ಅನ್ನಿಸಿದ ಮೇಲೂ ನಾಲ್ಕೈದು ಸಲ ಹೋಗಿ ಖಾಲಿ ಕೆರೆಯ ಪಟ್ಟಿ ಬರೆಯಿರಿ. ಬೇಜಾರಿನ ಕೆಲಸವೇ. ವಲಸೆ ಹಕ್ಕಿಗಳ ಬರುವಿಕೆ, ಹೋಗುವಿಕೆ ದಾಖಲಿಸಲು 2007ರಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಿಂದ ಶುರುವಾದ ಮೈಗ್ರಂಟ್‌ವಾಚ್ ಯೋಜನೆಗೂ ಬೇಕಾಗಿದ್ದದ್ದು ಸಾಮಾನ್ಯ ಜನ ಬರೆದ ಇಂಥ ದಿನಾಂಕಗಳೇ.

ಮೇನಲ್ಲಿ ಪಟ್ಟಿ ಮುಚ್ಚಿಟ್ಟು ಅಕ್ಟೋಬರ್‌ಗೆ ತೆರೆಯೋಣ ಅಂದುಕೊಳ್ಳಬೇಡಿ. ಗ್ರೀನ್ ಸ್ಯಾಂಡ್‌ಪೈಪರ್ ಜುಲೈ ಕೊನೆ, ಆಗಸ್ಟ್‌ಗೇ ವಾಪಸ್ ಬಂದು ಇಳಿದಿರುತ್ತದೆ.