ಆರ್‌ಸಿ ಬೋಟ್ ಹ್ಯಾಚ್‌ಗೆ ಯಾವ ಟೇಪ್ ಹಾಕ್ಬೇಕು, ಹೇಗೆ ಹಾಕ್ಬೇಕು

ಆರ್‌ಸಿ ಬೋಟ್, ಅಂದ್ರೆ ರಿಮೋಟಲ್ಲಿ ಓಡಿಸೋ ಬೋಟ್, ಹೊಸದಾಗಿ ತಗೊಂಡವರೆಲ್ಲ ಒಂದೆರಡು ವಾರದಲ್ಲೇ ಕೇಳೋ ಪ್ರಶ್ನೆ, ಹ್ಯಾಚ್ (ಬ್ಯಾಟರಿ ಹಾಕೋ ಬಾಯಿಯ ಮುಚ್ಚಳ) ಸುತ್ತ ನೀರು ಇಳೀದೆ ಇರೋ ಹಾಗೆ ಯಾವ ಟೇಪ್ ಹಾಕ್ಲಿ ಅಂತ. ಅದಕ್ಕೆ ಸಿಗೋ ಉತ್ತರ ಸಾಮಾನ್ಯವಾಗಿ "ಒಳ್ಳೆ ಗಟ್ಟಿಯಾಗಿ ಅಂಟೋದು ಯಾವ್ದಾದ್ರೂ ಹಾಕಿ". ನನ್ನ ಪ್ರಕಾರ ಇದು ತಪ್ಪು. ಯಾಕಂದ್ರೆ ಹ್ಯಾಚ್ ಟೇಪ್ ಒಂದ್ಸಲ ಅಂಟಿಸಿ ಮರೆತುಬಿಡೋ ಟೇಪ್ ಅಲ್ಲ, ಹತ್ತು ಹದಿನೈದು ನಿಮಿಷ ಓಡಿಸಿದ್ರೆ ಬ್ಯಾಟರಿ ಮುಗೀತು, ಕೀಳ್ಬೇಕು, ಬ್ಯಾಟರಿ ಬದಲಾಯಿಸಿ ಹೊಸ ಟೇಪ್ ಅಂಟಿಸ್ಬೇಕು, ಒಂದು ಭಾನುವಾರಕ್ಕೆ ನಾಲ್ಕೈದು ಸಲ ಇದೇ ಕೆಲಸ. ಹಾಗಾಗಿ ಟೇಪ್ ಎಷ್ಟು ಗಟ್ಟಿ ಅನ್ನೋದಕ್ಕಿಂತ ಮೂಲೆ ತಿರುವಿಗೆ ಎಷ್ಟು ಚೆನ್ನಾಗಿ ಬಗ್ಗುತ್ತೆ, ಕಿತ್ತಾಗ ಪೇಂಟ್ ಎಬ್ಬಿಸದೆ, ಗೋಂದು ಉಳಿಸದೆ ಬರುತ್ತಾ ಅನ್ನೋದನ್ನ ಮೊದಲು ನೋಡಿ.

ನಾನು ಓಡಿಸೋದು ತಿಪಟೂರು ಹತ್ರ ನಮ್ಮೂರಲ್ಲಿ, ತೋಟದ ಕೃಷಿ ಹೊಂಡದಲ್ಲಿ. ಮೊದಲ ಬೋಟಿಗೆ ಬ್ರೌನ್ ಟೇಪ್ ಹಾಕಿದ್ದೆ, ಅದೇ ಪಾರ್ಸೆಲ್ ಡಬ್ಬಕ್ಕೆ ಸುತ್ತೋದು. ಎರಡು ರೌಂಡ್ ಆದ್ಮೇಲೆ ಅಕ್ಕನ ಮಗ ಬೋಟ್ ಎತ್ಕೊಂಡು ಅಲ್ಲಾಡಿಸಿ "ಮಾವ, ಒಳಗೆ ಗಳಗಳ ಅಂತಿದೆ" ಅಂದ. ತೆಗೆದು ನೋಡಿದ್ರೆ ಅರ್ಧ ಲೋಟ ನೀರು, ರಿಮೋಟಿನ ಸಿಗ್ನಲ್ ಹಿಡಿಯೋ ರಿಸೀವರ್ ಕೆಟ್ಟುಹೋಗಿತ್ತು. ಟೇಪ್ ಮೇಲ್ನೋಟಕ್ಕೆ ಭದ್ರವಾಗೇ ಇತ್ತು. ಆದ್ರೆ ಬೆರಳುಗುರು ಇಟ್ಟು ನೋಡಿದಾಗ ಗೊತ್ತಾಯ್ತು, ಹ್ಯಾಚಿನ ಮುಂದಿನ ಮೂಲೆ ದುಂಡಗೆ ತಿರುಗೋ ಜಾಗದಲ್ಲಿ ಟೇಪ್ ಒಂದು ಸಣ್ಣ ಸುಕ್ಕು ಕಟ್ಟಿಕೊಂಡು, ಅಕ್ಕಿಕಾಳು ತೂರೋವಷ್ಟು ಬಾಯಿ ಬಿಟ್ಕೊಂಡಿತ್ತು. ಆ ಬಾಯಿ ನೇರವಾಗಿ ಮುಂದಕ್ಕೆ ನೋಡ್ತಿತ್ತು, ಬೋಟ್ ಓಡಿದಾಗಲೆಲ್ಲ ಅದರೊಳಗೆ ನೀರು ನುಗ್ಗಿದೆ. ಬ್ರೌನ್ ಟೇಪಿನದ್ದು ಪಾಲಿಪ್ರಾಪಿಲಿನ್ ಫಿಲ್ಮ್, ಕಾಗದದ ಥರ, ಹಿಗ್ಗೋದೇ ಇಲ್ಲ. ಹಿಗ್ಗದೆ ಇರೋ ಟೇಪ್ ಉಬ್ಬು ತಿರುವಿನ ಮೇಲೆ ಕೂರಲ್ಲ, ಸುಕ್ಕಾಗುತ್ತೆ, ಸುಕ್ಕಾದ ಕಡೆ ಸೋರುತ್ತೆ. ಪಾರದರ್ಶಕ ಸೆಲ್ಲೋ ಟೇಪಿನ ಕಥೆಯೂ ಇದೇ.

ಈಗ ಒಂದೊಂದೇ ಟೇಪ್ ನೋಡೋಣ.

ಇನ್ಸುಲೇಶನ್ ಟೇಪ್, ಅಂದ್ರೆ ಎಲೆಕ್ಟ್ರಿಕಲ್ ಅಂಗಡಿಯ ಪಿವಿಸಿ ಟೇಪ್, ಎಲ್ಲಾ ಕಡೆ ಸಿಗುತ್ತೆ, ಹಿಗ್ಗುತ್ತೆ, ಮೂಲೆಗೆ ಬಗ್ಗುತ್ತೆ. ಟೆನಿಸ್ ಬಾಲಿಗೆ ಸುತ್ತಿ ಕ್ರಿಕೆಟ್ ಆಡಿದವರಿಗೆಲ್ಲ ಅದರ ಗುಣ ಕೈಗೇ ಗೊತ್ತಿರುತ್ತೆ. ಆದ್ರೆ ಎರಡು ತೊಂದ್ರೆ. ಒಂದು, ನಮ್ಮಲ್ಲಿ ಸಾಮಾನ್ಯವಾಗಿ ಸಿಗೋದು 18 ಮಿ.ಮೀ. ಅಗಲದ್ದು, ಸಂದಿಯ ಮೇಲೆ ನಡುಮಧ್ಯ ಇಟ್ರೂ ಆ ಕಡೆ ಈ ಕಡೆ ಒಂಬತ್ತೊಂಬತ್ತು ಮಿ.ಮೀ. ಅಷ್ಟೇ ಹಿಡಿಯುತ್ತೆ, ಸ್ವಲ್ಪ ಸೊಟ್ಟ ಆದ್ರೆ ಮುಗೀತು. ಎರಡು, ಎಳೆದು ಅಂಟಿಸಿದ್ರೆ ಅದು ವಾಪಸ್ ಕುಗ್ಗೋಕೆ ನೋಡುತ್ತೆ, ತುದಿ ತಾನಾಗೇ ಎದ್ದು ಬರುತ್ತೆ. ಅದಕ್ಕೇ ಕೊನೆಯ ಎರಡು ಮೂರು ಸೆಂ.ಮೀ. ಚೂರೂ ಎಳೀಬೇಡಿ, ಸುಮ್ಮನೆ ಮಲಗಿಸಿ ಒತ್ತಿ. ಬಿಸಿಲಲ್ಲಿ ಇಟ್ಟ ಅಗ್ಗದ ಪಿವಿಸಿ ಟೇಪ್ ಕಪ್ಪು ಗೋಂದು ಬಿಡೋದು ನಿಮಗೂ ಗೊತ್ತು. ಸ್ವಲ್ಪ ದುಡ್ಡು ಹಾಕೋದಾದ್ರೆ 3ಎಂ ಸ್ಕಾಚ್ ಸೂಪರ್ 33 ಪ್ಲಸ್ ಅನ್ನೋದಿದೆ, 0.18 ಮಿ.ಮೀ. ದಪ್ಪ, 105 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯೋ ಹಾಗೆ ಮಾಡಿದ್ದು, ಇದನ್ನ ಎಳೆದಾಗ ಸಿಗೋ ಮೆತ್ತನೆ ಹಿಡಿತವೇ ಬೇರೆ.

ನನ್ನ ಮೊದಲ ಆಯ್ಕೆ ವಿನೈಲ್ ಟೇಪ್. ಬ್ಯಾಡ್ಮಿಂಟನ್ ಕೋರ್ಟಿಗೆ, ಫ್ಯಾಕ್ಟರಿ ನೆಲಕ್ಕೆ ಗೆರೆ ಹಾಕ್ತಾರಲ್ಲ, ಫ್ಲೋರ್ ಮಾರ್ಕಿಂಗ್ ಟೇಪ್, ಅದೇ ಜಾತಿ. 3ಎಂ 471 ಈ ಗುಂಪಿಗೆ ಸೇರಿದ್ದು, ದಪ್ಪ ಸುಮಾರು 0.13 ಮಿ.ಮೀ., ರಬ್ಬರ್ ಗೋಂದು. ತೆಳ್ಳಗಿದೆ, ಬಗ್ಗುತ್ತೆ, ಒಂದಿಂಚು ಎರಡಿಂಚು ಅಗಲದಲ್ಲಿ ಸಿಗುತ್ತೆ, ಎಲ್ಲಕ್ಕಿಂತ ಮುಖ್ಯವಾಗಿ ಅದೇ ದಿನ ಕಿತ್ತರೆ ಗೋಂದು ಉಳಿಸದೆ ಬರುತ್ತೆ. ಬಣ್ಣದ್ದು ಬೇಡ, ಡೆಕ್ಕಿನ (ಬೋಟಿನ ಮೇಲ್ಭಾಗ) ಡಿಸೈನ್ ಕಾಣ್ಬೇಕು ಅನ್ನೋರು ಪಾರದರ್ಶಕದ್ದೇ ತಗೊಳ್ಳಿ. ಬೋಟ್ ನೀರಲ್ಲಿ ಮಗುಚಿ ತೇಲ್ತಿದ್ರೆ ಕಿತ್ತಳೆ ಬಣ್ಣದ ಟೇಪ್ ದೂರದಿಂದ ಕಾಣುತ್ತೆ ಅಂತ ನಾನು ಬಣ್ಣದ್ದೇ ಹಾಕೋದು.

ಮೆಡಿಕಲ್ ಶಾಪಿನ ಟೇಪ್ ಬಗ್ಗೆ ತುಂಬಾ ಗೊಂದಲ ಇದೆ. ಬ್ಲೆಂಡರ್ಮ್ ಅಂತ 3ಎಂ ಟೇಪ್ ಇದೆ, ತೆಳು, ಪಾರದರ್ಶಕ, ಗಾಳಿ ನೀರು ಎರಡನ್ನೂ ಬಿಡಲ್ಲ, ವಿಮಾನ ಮಾಡೆಲ್ ಮಾಡೋರು ರೆಕ್ಕೆಯ ಹಿಂಜ್‌ಗೆ ಹಾಕ್ತಾರೆ, ಸಣ್ಣ ಬೋಟಿಗೂ ಚೆನ್ನಾಗಿ ಆಗುತ್ತೆ. ಆದ್ರೆ ಅಂಗಡಿಯಲ್ಲಿ "ಅದಿಲ್ಲ, ಇದು ತಗೊಳ್ಳಿ" ಅಂತ ಮೈಕ್ರೋಪೋರ್ ಕೊಟ್ರೆ ದಯವಿಟ್ಟು ತಗೋಬೇಡಿ. ಅದು ಚರ್ಮಕ್ಕೆ ಗಾಳಿ ಆಡಲಿ ಅಂತಲೇ ಮಾಡಿರೋ ಟೇಪ್, ನೀರೂ ಆಡುತ್ತೆ. ಟ್ರಾನ್ಸ್‌ಪೋರ್ ಪ್ಲಾಸ್ಟಿಕ್ಕಿನ ಥರ ಕಾಣುತ್ತೆ, ಅದಕ್ಕೂ ಸಾಲಾಗಿ ತೂತುಗಳಿವೆ, ಬೆಳಕಿಗೆ ಹಿಡಿದು ನೋಡಿ.

ಬಟ್ಟೆಯ ಡಕ್ಟ್ ಟೇಪ್ ಅಂಟುತ್ತೆ ನಿಜ, ಆದ್ರೆ ಕತ್ತರಿಸಿದ ಅಂಚಿನಲ್ಲಿ ನೂಲಿನ ಎಳೆ ಬಯಲಾಗಿರುತ್ತೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ನೀರು ಎಳೆಯುತ್ತೆ, ಕಿತ್ತರೆ ಗೋಂದು ಡೆಕ್ ಮೇಲೇ ಉಳಿಯುತ್ತೆ. ಚಾವಣಿ ಸೋರೋದಕ್ಕೆ ಹಾಕೋ ಅಲ್ಯುಮಿನಿಯಂ ಬ್ಯೂಟೈಲ್ ಟೇಪ್ ಅಂತೂ ನೀರು ಬಿಡೋದೇ ಇಲ್ಲ, ಆದ್ರೆ ಅದನ್ನ ಹಾಕಿದ್ಮೇಲೆ ಬ್ಯಾಟರಿ ತೆಗೆಯೋದು ಹೇಗೆ? ಮಾಸ್ಕಿಂಗ್ ಟೇಪ್ ಕಾಗದ. ಪ್ಲಂಬರ್ ಟೆಫ್ಲಾನ್ ಟೇಪಿಗೆ ಗೋಂದೇ ಇಲ್ಲ. ಇವೆರಡನ್ನೂ ಬಿಟ್ಟುಬಿಡಿ.

ಇನ್ನೊಂದು ದಾರಿ ಇದೆ, ನನಗೆ ಇದು ತುಂಬಾ ಇಷ್ಟ. ಆರ್‌ಸಿ ಸೇಲ್‌ಬೋಟ್‌ಗಳಲ್ಲಿ ಇಂಟರ್‌ನ್ಯಾಷನಲ್ ಒನ್ ಮೀಟರ್ ಅಂತ ಒಂದು ಕ್ಲಾಸ್ ಇದೆ, ಹೆಸರೇ ಹೇಳೋ ಹಾಗೆ ಹಲ್, ಅಂದ್ರೆ ಬೋಟಿನ ಒಡಲು, ಉದ್ದ ಒಂದು ಮೀಟರ್, ತೂಕ ಕನಿಷ್ಠ 4 ಕೆಜಿ. ಅವುಗಳಲ್ಲಿ ಎಷ್ಟೋ ಬೋಟಿಗೆ ಮುಚ್ಚಳವೇ ಇರಲ್ಲ, ಡೆಕ್ಕಿನ ತೂತಿನ ಮೇಲೆ ಅಂಟೋ ಸೇಲ್ ಬಟ್ಟೆ ಅಥವಾ ಪ್ಲಾಸ್ಟಿಕ್ ಫಿಲ್ಮಿನ ಒಂದೇ ಪ್ಯಾಚ್ ಹಾಕ್ತಾರೆ. ನಾವೂ ಅದನ್ನ ಮಾಡ್ಬಹುದು. ಗಾಡಿಗೆ ಸ್ಟಿಕ್ಕರ್ ಹಾಕೋ ರೇಡಿಯಂ ಅಂಗಡಿಗೆ ಹೋಗಿ ಪಾರದರ್ಶಕ ವಿನೈಲ್ ಶೀಟ್ ತಗೊಳ್ಳಿ, ಹ್ಯಾಚಿಗಿಂತ ನಾಲ್ಕೂ ಕಡೆ ಒಂದೂವರೆ ಸೆಂ.ಮೀ. ದೊಡ್ಡದಾಗಿ, ಮೂಲೆಗಳನ್ನ ದುಂಡಗೆ ಕತ್ತರಿಸಿ ಕೊಡಿ ಅಂದ್ರೆ ಒಂದೇ ಸಲ ಹತ್ತು ಪ್ಯಾಚ್ ಮಾಡ್ಕೊಡ್ತಾರೆ. ಪಟ್ಟಿ ಪಟ್ಟಿಯಾಗಿ ಅಂಟಿಸಿದ್ರೆ ನಾಲ್ಕು ಜಾಯಿಂಟ್, ಒಂದೇ ಪ್ಯಾಚ್ ಆದ್ರೆ ಜಾಯಿಂಟೇ ಇಲ್ಲ. ಇದು ಸಮತಟ್ಟಾದ ಡೆಕ್ಕಿಗೆ ಮಾತ್ರ, ಸ್ಪೀಡ್‌ಬೋಟಿನ ಉಬ್ಬಿದ ಮುಚ್ಚಳಕ್ಕೆ (ಕ್ಯಾನೋಪಿ) ಟೇಪೇ ಸರಿ.

ಟೇಪ್ ಎಷ್ಟೇ ಒಳ್ಳೇದಾಗಿರಲಿ, ಅಂಟಿಸೋ ಜಾಗದ ಮೈ ಸರಿ ಇಲ್ಲಾಂದ್ರೆ ಅಂಟಲ್ಲ. ಹೊಸ ಫೈಬರ್‌ಗ್ಲಾಸ್ ಹಲ್ ಮೇಲೆ ಅಚ್ಚಿನಿಂದ ಬಿಡಿಸೋಕೆ ಹಚ್ಚಿದ ಮೇಣ ಉಳಿದಿರಬಹುದು, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ತೊಳೆದು, ಒಣಗಿಸಿ, ಐಸೋಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿ. ಮನೇಲಿ ಸ್ಪ್ರೇ ಪೇಂಟ್ ಮಾಡಿದ್ರೆ ಮೊದಲು ಕಾಣದ ಮೂಲೆಯಲ್ಲಿ ಒರೆಸಿ ನೋಡಿ, ಬಣ್ಣ ಬಿಡಬಹುದು, ಮತ್ತೆ ಪೇಂಟ್ ಆದ್ಮೇಲೆ ಒಂದು ವಾರವಾದ್ರೂ ಗಟ್ಟಿಯಾಗೋಕೆ ಬಿಡಿ, ಇಲ್ಲಾಂದ್ರೆ ಟೇಪ್ ಜೊತೆ ಪೇಂಟೂ ಎದ್ದು ಬರುತ್ತೆ. ಥಿನ್ನರ್, ಅಸಿಟೋನ್ ಮುಟ್ಟಿಸಲೇಬೇಡಿ, ಎಬಿಎಸ್ ಪ್ಲಾಸ್ಟಿಕ್ ಕರಗಿಬಿಡುತ್ತೆ. ಕಾರ್ ಪಾಲಿಶ್, ಸಿಲಿಕೋನ್ ಸ್ಪ್ರೇ ಹೊಡೆದು ಬೋಟ್ ಮಿಂಚಿಸೋ ಆಸೆ ಇದ್ರೆ ಹ್ಯಾಚ್ ಸುತ್ತ ಎರಡಿಂಚು ಬಿಟ್ಟು ಹೊಡೀರಿ.

3ಡಿ ಪ್ರಿಂಟ್ ಬೋಟ್ ಮಾಡೋರು ಈಗ ಜಾಸ್ತಿ ಆಗ್ತಿದಾರೆ, ಅವರಿಗೆ ಒಂದು ಮಾತು. ಪ್ರಿಂಟಿನ ಲೇಯರ್ ಗೆರೆಗಳು ಟೇಪಿನ ಕೆಳಗೆ ಸಣ್ಣ ಸಣ್ಣ ಕಾಲುವೆ ಥರ ಕೆಲಸ ಮಾಡ್ತವೆ, ಮೇಲೆ ಟೇಪ್ ಚೆನ್ನಾಗಿ ಅಂಟಿರುತ್ತೆ, ನೀರು ಗೆರೆ ಹಿಡ್ಕೊಂಡು ಒಳಗೆ ಹೋಗಿರುತ್ತೆ. ಎಷ್ಟು ಟೇಪ್ ಬದಲಾಯಿಸಿದ್ರೂ ಇದು ನಿಲ್ಲಲ್ಲ. ಹ್ಯಾಚ್ ಸುತ್ತಲ ಪಟ್ಟಿಯನ್ನ ಉಪ್ಪುಕಾಗದದಲ್ಲಿ ಉಜ್ಜಿ, ತೆಳ್ಳಗೆ ಎಪಾಕ್ಸಿ ಬಳಿದು, ಗಟ್ಟಿಯಾದ್ಮೇಲೆ ಮತ್ತೆ ಉಜ್ಜಿ ನುಣ್ಣಗೆ ಮಾಡ್ಕೊಳ್ಳಿ.

ಅಂಟಿಸೋ ಕ್ರಮಕ್ಕೆ ಮಂಗಳೂರು ಹಂಚು ಹೊದಿಸೋದನ್ನ ನೆನಪಿಸ್ಕೊಳ್ಳಿ. ಕೆಳಗಿನ ಸಾಲು ಮೊದಲು, ಮೇಲಿನ ಸಾಲು ಅದರ ಮೇಲೆ, ಆಗ ನೀರು ಜಾರಿ ಹೋಗುತ್ತೆ. ಬೋಟ್ ಓಡುವಾಗ ನೀರು ಮುಂದಿನಿಂದ ಹಿಂದಕ್ಕೆ ಬರುತ್ತೆ, ಹಾಗಾಗಿ ಹಿಂಬದಿ ಪಟ್ಟಿ ಮೊದಲು ಅಂಟಿಸಿ, ಆಮೇಲೆ ಎರಡು ಪಕ್ಕದ್ದು, ಮುಂದಿನ ಪಟ್ಟಿ ಕೊನೆಗೆ, ಎಲ್ಲದರ ಮೇಲೆ. ಸಂದಿಯ ಎರಡೂ ಕಡೆ ಕನಿಷ್ಠ 12 ಮಿ.ಮೀ. ಹಿಡಿತ ಇರಲಿ. ಪಟ್ಟಿಯ ತುದಿಗಳನ್ನ ಕತ್ತರಿಯಲ್ಲಿ ದುಂಡಗೆ ಮಾಡಿ, ಚೂಪು ಮೂಲೆ ಇದ್ರೆ ಅಲ್ಲಿಂದಲೇ ಎದ್ದೇಳುತ್ತೆ. ಹಿಂಬದಿಯಲ್ಲಿ ಒಂದು ತುದಿಯನ್ನ ಅರ್ಧ ಸೆಂ.ಮೀ. ಒಳಕ್ಕೆ ಮಡಚಿ ಕಿವಿ ಥರ ಬಿಡಿ, ಒದ್ದೆ ಕೈಯಲ್ಲಿ ಕೀಳೋಕೆ ಆಗುತ್ತೆ. ಅಂಟಿಸಿದ್ಮೇಲೆ ಹೆಬ್ಬೆರಳಲ್ಲಿ ಮಧ್ಯದಿಂದ ಅಂಚಿಗೆ ಉಜ್ಜಿ, ಗೋಂದು ಹಿಡಿಯೋದು ಒತ್ತಿದಾಗ.

ಈಗ ತುಂಬಾ ಜನಕ್ಕೆ ತಲೆ ಕೆಡಿಸೋ ವಿಷಯ. ಟೇಪ್ ಎಲ್ಲೂ ಎದ್ದಿಲ್ಲ, ಸುಕ್ಕಿಲ್ಲ, ಆದ್ರೂ ಒಳಗೆ ನೀರು. ಕಾರಣ ಗಾಳಿ. ಬಿಸಿಲಲ್ಲಿ ಇಟ್ಟ ಬೋಟಿನೊಳಗಿನ ಗಾಳಿ 50 ಡಿಗ್ರಿ ಆಗಿದೆ ಅಂದ್ಕೊಳ್ಳಿ, ಆಗಲೇ ಟೇಪ್ ಹಾಕಿ 28 ಡಿಗ್ರಿ ನೀರಿಗೆ ಬಿಟ್ರೆ ಒಳಗಿನ ಗಾಳಿ ತಣ್ಣಗಾಗಿ ನೂರಕ್ಕೆ ಸುಮಾರು ಏಳು ಭಾಗ ಕುಗ್ಗೋಕೆ ನೋಡುತ್ತೆ. ಎರಡು ಲೀಟರ್ ಜಾಗ ಇರೋ ಹಲ್ ಆದ್ರೆ ಅದು ಹತ್ತಿರ ಹತ್ತಿರ 135 ಎಂಎಲ್, ಒಂದು ಟೀ ಲೋಟಕ್ಕಿಂತ ಜಾಸ್ತಿ. ಅಷ್ಟನ್ನ ಎಲ್ಲಿಂದಾದ್ರೂ ಎಳ್ಕೊಳ್ಳೋಕೆ ನೋಡುತ್ತೆ, ಟೇಪಿನ ದುರ್ಬಲ ಜಾಗ ನೀರಲ್ಲಿದ್ರೆ ನೀರನ್ನೇ ಎಳ್ಕೊಳ್ಳುತ್ತೆ. ಓಡಿಸುವಾಗ ಮೋಟರ್, ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸೋ ಸರ್ಕ್ಯೂಟ್) ಬಿಸಿಯಾದ್ರೆ ಉಲ್ಟಾ, ಒಳಗಿನ ಒತ್ತಡ ಟೇಪನ್ನ ಕೆಳಗಿಂದ ಎಬ್ಬಿಸುತ್ತೆ. ಪರಿಹಾರ ಸುಲಭ: ಹ್ಯಾಚ್ ತೆರೆದೇ ಬೋಟನ್ನ ದಡದಲ್ಲಿ ನೆರಳಿರೋ ಕಡೆ ನೀರಿನ ಮೇಲೆ ಕೈಯಲ್ಲಿ ಹಿಡ್ಕೊಂಡು ಐದು ಹತ್ತು ನಿಮಿಷ ತಣ್ಣಗಾಗೋಕೆ ಬಿಡಿ, ಆಮೇಲೆ ಅಂಚು ಒರೆಸಿ ಟೇಪ್ ಹಾಕಿ. ನಿಧಾನವಾಗಿ ಓಡೋ ಟಗ್‌ಬೋಟ್ ಥರದವಕ್ಕೆ ಎತ್ತರದ ಜಾಗದಲ್ಲಿ ಸಣ್ಣ ಸಿಲಿಕೋನ್ ಟ್ಯೂಬನ್ನ ಕೊಕ್ಕೆ ಥರ ಬಗ್ಗಿಸಿ ಗಾಳಿಗೆ ದಾರಿ ಕೊಡಬಹುದು, ಮಗುಚೋ ಸ್ಪೀಡ್‌ಬೋಟಿಗೆ ಮಾತ್ರ ಅದು ಬೇಡ.

ನೈಟ್ರೋ ಅಥವಾ ಪೆಟ್ರೋಲ್ ಇಂಜಿನ್ ಬೋಟ್ ಇದ್ರೆ ಟೇಪ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ, ಇಂಧನ ಮತ್ತೆ ಎಣ್ಣೆ ಗೋಂದನ್ನ ಸಡಿಲ ಮಾಡುತ್ತೆ. ರಿಸೀವರ್ ಇರೋ ರೇಡಿಯೋ ಪೆಟ್ಟಿಗೆಗೆ ನಿಯೋಪ್ರಿನ್ (ರಬ್ಬರ್) ಫೋಮ್ ಹಾಕಿ ಸ್ಕ್ರೂ ಬಿಗಿದು, ಟೇಪನ್ನ ಅದರ ಮೇಲೆ ಎರಡನೇ ಕಾವಲಾಗಿ ಹಾಕಿ.

ಹೊಂಡಕ್ಕೆ ಹೋಗೋ ಮೊದಲು ಮನೇಲೇ ಟೆಸ್ಟ್ ಮಾಡ್ಕೊಳ್ಳಿ. ಎಲೆಕ್ಟ್ರಾನಿಕ್ಸ್ ಎಲ್ಲ ತೆಗೆದು, ಟಿಶ್ಯೂ ಪೇಪರ್ ಮೇಲೆ ಇಂಕ್ ಪೆನ್ನಲ್ಲಿ ಗೆರೆ ಎಳೆದು, ಹ್ಯಾಚ್ ಅಂಚಿನ ಕೆಳಗೆ ಸುತ್ತಲೂ ಜೋಡಿಸಿ. ಬಾಲ್‌ಪೆನ್ ಬೇಡ, ಅದು ನೀರಿಗೆ ಹರಡಲ್ಲ. ಟೇಪ್ ಹಾಕಿ ಬಕೆಟ್ ನೀರಲ್ಲಿ ತಲೆಕೆಳಗು ಮಾಡಿ ಹತ್ತು ನಿಮಿಷ ಒತ್ತಿ ಹಿಡೀರಿ. ತೆಗೆದಾಗ ಇಂಕ್ ಎಲ್ಲಿ ಹರಡಿದೆಯೋ ಅಲ್ಲೇ ಸೋರ್ತಿರೋದು, ನನಗೆ ಮುಕ್ಕಾಲು ಪಾಲು ಸಲ ಸಿಕ್ಕಿದ್ದು ಮುಂದಿನ ಮೂಲೆಗಳೇ. ಎಲ್ಲೂ ಹರಡದೆ ಇದ್ದು, ಓಡಿಸಿದ್ಮೇಲೆ ಮಾತ್ರ ನೀರು ಇದ್ರೆ ಟೇಪನ್ನ ಬಿಟ್ಟು ಪ್ರೊಪೆಲ್ಲರ್ ಕಡ್ಡಿ ಹೊರಗೆ ಹೋಗೋ ಶಾಫ್ಟ್ ಟ್ಯೂಬ್ ನೋಡಿ, ಬೋಟ್ ತಿರುಗಿಸೋ ರಡ್ಡರ್ ಕಡ್ಡಿ ಹೋಗೋ ಜಾಗ ನೋಡಿ. ಒಳಗೆ ಖಾಲಿ ಜಾಗದಲ್ಲಿ ಥರ್ಮೋಕೋಲ್ ತುಂಡು ತುಂಬಿಸಿ, ಎಲ್ಲ ಕೈಕೊಟ್ರೂ ಬೋಟ್ ಮುಳುಗಲ್ಲ.

ಬೋಟ್ ಹೊಂಡದ ಮಧ್ಯ ನಿಂತುಹೋದ್ರೆ ದಯವಿಟ್ಟು ನೀರಿಗೆ ಇಳೀಬೇಡಿ, ಮಕ್ಕಳನ್ನಂತೂ ಇಳಿಸ್ಲೇಬೇಡಿ. ಕೃಷಿ ಹೊಂಡದ ಪ್ಲಾಸ್ಟಿಕ್ ಹೊದಿಕೆ ಒದ್ದೆಯಾದ್ರೆ ಈಜು ಬಂದವರಿಗೂ ಹತ್ತಿ ಬರೋಕೆ ಆಗಲ್ಲ. ಮೀನಿನ ದಾರಕ್ಕೆ ಟೆನಿಸ್ ಬಾಲ್ ಕಟ್ಟಿ ಬೋಟಿನ ಆಚೆಗೆ ಎಸೆದು, ದಾರ ಬೋಟಿಗೆ ಸಿಕ್ಕೋ ಹಾಗೆ ನಿಧಾನ ಎಳ್ಕೊಂಡ್ರೆ ಬರುತ್ತೆ. ನಮ್ಮ ಹುಡುಗ ಬೋಟ್ ಜೊತೆ ಆ ಬಾಲನ್ನೂ ತರದೆ ಇದ್ರೆ ಆವತ್ತು ನಾನು ಬೋಟ್ ಬಿಡೋದೇ ಇಲ್ಲ.

ಕೀಳುವಾಗ ಮೇಲಕ್ಕೆ ಎಳೀಬೇಡಿ, ಟೇಪನ್ನ ಅದರ ಮೇಲೇ ಹಿಂದಕ್ಕೆ ಮಡಚಿದ ಹಾಗೆ, ಡೆಕ್ಕಿಗೆ ಹತ್ತಿಸಿಕೊಂಡೇ ನಿಧಾನ ಎಳೀರಿ. ಹಳೇ ಗೋಂದು ಉಳಿದಿದ್ರೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಉಜ್ಜಿ, ಆಮೇಲೆ ಸೋಪಲ್ಲಿ ತೊಳೆದು ಆಲ್ಕೋಹಾಲಲ್ಲಿ ಒರೆಸಿ, ಎಣ್ಣೆ ಚೂರು ಉಳಿದ್ರೂ ಮುಂದಿನ ಟೇಪ್ ಹಿಡಿಯಲ್ಲ. ಕಿತ್ತ ಟೇಪನ್ನ ಮತ್ತೆ ಅಂಟಿಸ್ಬೇಡಿ, ದಡದಲ್ಲೇ ಬಿಸಾಕ್ಬೇಡಿ, ಹಸು ಮೇಯೋ ಜಾಗ ಅದು, ಜೇಬಿಗೆ ಹಾಕ್ಕೊಳ್ಳಿ. ಮನೆಗೆ ಬಂದ್ಮೇಲೆ ಬ್ಯಾಟರಿ ಹೊರಗೆ ತೆಗೆದು, ಹ್ಯಾಚ್ ತೆರೆದು ರಾತ್ರಿಯೆಲ್ಲ ಗಾಳಿಗೆ ಬಿಡಿ.