ಶ್ವಾಸಕೋಶ ಕ್ಯಾನ್ಸರ್ ಆರೈಕೆಯಲ್ಲಿ ಜೀವನ ಗುಣಮಟ್ಟದ ಪ್ರಶ್ನಾವಳಿಯನ್ನು ಬಳಸುವ ಬಗೆ

ಶ್ವಾಸಕೋಶ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರನ್ನು ಹೇಗಿದ್ದೀರಿ ಎಂದು ಕೇಳಿದರೆ ನಮ್ಮಲ್ಲಿ ಸಾಮಾನ್ಯವಾಗಿ ಬರುವ ಉತ್ತರ "ಪರವಾಗಿಲ್ಲ ಡಾಕ್ಟ್ರೇ" ಎಂಬುದು. ಬಾಗಿಲಾಚೆ ಕಾಯುತ್ತಿರುವ ಸಾಲು, ಪಕ್ಕದಲ್ಲಿ ಕುಳಿತ ಮಗ, ನಿಜ ಹೇಳಿದರೆ ಕೀಮೋ ನಿಲ್ಲಿಸಿಬಿಟ್ಟಾರೆಂಬ ಅಂಜಿಕೆ, ಎಲ್ಲವೂ ಸೇರಿ ಆ ಮಾತನ್ನು ಹೊರಡಿಸುತ್ತವೆ. ಅದೇ ವ್ಯಕ್ತಿಯ ಕೈಗೆ ಪ್ರಶ್ನಾವಳಿ ಕೊಟ್ಟು ಹತ್ತು ನಿಮಿಷ ಬಿಟ್ಟರೆ, ಮೆಟ್ಟಿಲು ಹತ್ತುವಾಗಿನ ಏದುಸಿರಿಗೆ 'ತುಂಬಾ' ಎಂದು ಗುರುತು ಹಾಕಿರುವುದುಂಟು. ಈ ಅಂತರವನ್ನು ಚಿಕಿತ್ಸೆಯ ತೀರ್ಮಾನಕ್ಕೆ ತರುವುದೇ ಪ್ರಶ್ನಾವಳಿಯ ಕೆಲಸ.

ಯಾವುದನ್ನು ಆರಿಸಬೇಕೆಂಬ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಇಒಆರ್‌ಟಿಸಿಯ ಕ್ಯುಎಲ್‌ಕ್ಯು-ಸಿ30 ಎಲ್ಲ ಕ್ಯಾನ್ಸರ್‌ಗಳಿಗೂ ಅನ್ವಯಿಸುವ 30 ಪ್ರಶ್ನೆಗಳ ಪಟ್ಟಿಯಾಗಿದ್ದು, ಅದರೊಂದಿಗೆ ಶ್ವಾಸಕೋಶ ಕ್ಯಾನ್ಸರ್‌ಗೆಂದೇ ಇರುವ 13 ಪ್ರಶ್ನೆಗಳ ಎಲ್‌ಸಿ13 ಅನ್ನು ಜೋಡಿಸುವುದು ಬಹುಕಾಲದ ರೂಢಿ. ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ), ಟಾರ್ಗೆಟೆಡ್ ಮಾತ್ರೆ (ಗಡ್ಡೆಯ ನಿರ್ದಿಷ್ಟ ದೋಷವನ್ನು ಗುರಿಯಾಗಿಸುವ ಔಷಧ) ಅಥವಾ ಶಸ್ತ್ರಚಿಕಿತ್ಸೆ ಪಡೆದವರಿಗೆ ಅದರ ಪರಿಷ್ಕೃತ ರೂಪವಾದ ಎಲ್‌ಸಿ29 ಹೆಚ್ಚು ಹೊಂದುತ್ತದೆ. ರೋಗ ಮುಂದುವರಿಯುವ ಭಯವನ್ನೂ ಅದು ಕೇಳುತ್ತದೆ. ಅನುವಾದ ಮಾತ್ರ ಸಂಸ್ಥೆ ಅಂಗೀಕರಿಸಿದ್ದೇ ಆಗಿರಬೇಕು. ವಾರ್ಡಿನಲ್ಲಿ ಕುಳಿತು ನಾವೇ ಕನ್ನಡಕ್ಕೆ ತಂದ ಪ್ರಶ್ನೆಯ ಅಂಕವನ್ನು ಬೇರೆಡೆಯ ಅಂಕದೊಂದಿಗೆ ಹೋಲಿಸಲಾಗದು.

ಮೊದಲ ಚಿಕಿತ್ಸೆಗೆ ಮುನ್ನ ಒಮ್ಮೆ ತುಂಬಿಸಿ. ಆ ಹಾಳೆ ಇಲ್ಲದಿದ್ದರೆ ಮುಂದಿನವನ್ನು ಯಾವುದಕ್ಕೆ ಹೋಲಿಸುವುದು? ಅನಂತರ ಪ್ರತಿ ಸೈಕಲ್‌ನಲ್ಲೂ (ಚಿಕಿತ್ಸೆಯ ಪ್ರತಿ ಸುತ್ತಿನಲ್ಲೂ) ಒಂದೇ ಹಂತದಲ್ಲಿ, ವೈದ್ಯರನ್ನು ಕಾಣುವ ಮೊದಲು ಮತ್ತು ಮುಖ್ಯವಾಗಿ ಸ್ಕ್ಯಾನ್ ಫಲಿತಾಂಶ ತಿಳಿಯುವ ಮೊದಲು ಕೊಡಿ, ಏಕೆಂದರೆ ವರದಿಯ ಸುದ್ದಿ ಕಿವಿಗೆ ಬಿದ್ದ ಮೇಲೆ ಪ್ರಶ್ನೆಗಳು ಕೇಳುವ ಕಳೆದ ವಾರದ ನೆನಪೇ ಬಣ್ಣ ಬದಲಿಸುತ್ತದೆ. ಓದಲು ಬಾರದವರಿಗೆ ನರ್ಸ್ ಪ್ರಶ್ನೆಯನ್ನು ಇದ್ದಂತೆಯೇ, ಒತ್ತಿ ಹೇಳದೆ, ಓದಿ ಹೇಳಬೇಕು. ನಮ್ಮ ಭಾಷೆಯ ಒಂದು ತೊಡಕನ್ನು ಇಲ್ಲಿ ನೆನಪಿಡಬೇಕು: ಕೆಲವರ ಬಾಯಲ್ಲಿ 'ಆಯಾಸ' ಎಂದರೆ ಸುಸ್ತು, ಮತ್ತೆ ಕೆಲವರಿಗೆ ಅದೇ ಏದುಸಿರು, ಉತ್ತರ ಕರ್ನಾಟಕದವರಿಗೆ ಉಸಿರಿನ ತೊಂದರೆಯೆಂದರೆ 'ದಮ್ಮು'. ರೋಗಿ ಸಹಜವಾಗಿ ಆಡಿದ ಪದವನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟರೆ ವೈದ್ಯರಿಗೆ ಅದು ಅಂಕದಷ್ಟೇ ಉಪಯೋಗಕ್ಕೆ ಬರುತ್ತದೆ.

ಅಂಕ ಹಾಕುವುದು ಕಷ್ಟವಲ್ಲ. ಹೆಚ್ಚಿನ ಪ್ರಶ್ನೆಗಳಿಗೆ 1ರಿಂದ (ಇಲ್ಲವೇ ಇಲ್ಲ) 4ರವರೆಗೆ (ತುಂಬಾ) ಉತ್ತರವಿದ್ದು, ಒಂದು ಗುಂಪಿನ ಉತ್ತರಗಳ ಸರಾಸರಿಯನ್ನು 0ಯಿಂದ 100ರ ಅಳತೆಗೆ ತರಲಾಗುತ್ತದೆ. ಎಲ್‌ಸಿ13ರ ಏದುಸಿರಿನ ಮೂರು ಪ್ರಶ್ನೆಗಳನ್ನೇ ನೋಡಿ: ಸುಮ್ಮನಿದ್ದಾಗ 1, ನಡೆಯುವಾಗ 2, ಮೆಟ್ಟಿಲು ಹತ್ತುವಾಗ 3 ಎಂದಾದರೆ ಸರಾಸರಿ 2. ಅದರಿಂದ 1 ಕಳೆದು, 3ರಿಂದ ಭಾಗಿಸಿ, 100ರಿಂದ ಗುಣಿಸಿದರೆ 33. ಮುಂದಿನ ಸಲ ಉತ್ತರ 2, 3, 4 ಆದರೆ ಅಂಕ 67. ಲಕ್ಷಣಗಳ ಅಂಕ ಏರಿದರೆ ಕೆಡುಕು, ದೈಹಿಕ ಸಾಮರ್ಥ್ಯದಂಥ ಅಂಕ ಏರಿದರೆ ಒಳಿತು. ಈ ದಿಕ್ಕನ್ನು ಅಂಕಗಳ ಏರಿಳಿತ ತೋರಿಸುವ ನಕ್ಷೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ, ಅವಸರದಲ್ಲಿ ಎಲ್ಲರೂ ಎಡವುವ ಜಾಗವಿದು. ಮೆಟ್ಟಿಲೇ ಇಲ್ಲದ ಮನೆಯವರು ಮೂರನೆಯ ಪ್ರಶ್ನೆಯನ್ನು ಖಾಲಿ ಬಿಡುತ್ತಾರೆ. ಮೂರರಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ಈ ಅಂಕವನ್ನು ಲೆಕ್ಕ ಹಾಕಬಾರದೆಂಬುದು ನಿಯಮ. ಆಗ ಸಿ30ರಲ್ಲಿರುವ ಏದುಸಿರಿನ ಒಂಟಿ ಪ್ರಶ್ನೆ ನೆರವಿಗೆ ಬರುತ್ತದೆ.

ಸ್ಥೂಲವಾಗಿ 5ರಿಂದ 10 ಅಂಕಗಳ ವ್ಯತ್ಯಾಸವನ್ನು ರೋಗಿಗಳು ಅಲ್ಪ ಬದಲಾವಣೆಯೆಂದೂ, 10ರಿಂದ 20ನ್ನು ಮಧ್ಯಮವೆಂದೂ, 20ಕ್ಕೂ ಮೀರಿದ್ದನ್ನು ದೊಡ್ಡದೆಂದೂ ಅನುಭವಿಸುತ್ತಾರೆ. ಹಾಗಾಗಿ 33ರಿಂದ 67ಕ್ಕೆ ಏರಿದ ಏದುಸಿರನ್ನು ಕಂಡ ದಿನವೇ ಶ್ವಾಸಕೋಶದ ಸುತ್ತ ನೀರು ತುಂಬಿದೆಯೇ, ರಕ್ತಹೀನತೆಯೇ, ಸೋಂಕೇ, ರಕ್ತ ಹೆಪ್ಪುಗಟ್ಟಿ ಶ್ವಾಸಕೋಶದ ನಾಳ ಕಟ್ಟಿದೆಯೇ, ಇಮ್ಯುನೊಥೆರಪಿಯಿಂದಾದ ಉರಿಯೂತವೇ, ರೋಗವೇ ಬೆಳೆದಿದೆಯೇ ಎಂದು ಹುಡುಕಬೇಕು. ಸಂಜೆ ಕಡತಕ್ಕೆ ಸೇರಿ ಯಾರೂ ಓದದ ಪ್ರಶ್ನಾವಳಿ ರೋಗಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ. ಅವರು ದಣಿದ ಕೈಯಿಂದ ನಲವತ್ತಕ್ಕೂ ಹೆಚ್ಚು ಗುರುತು ಹಾಕಿರುತ್ತಾರೆ. ಫ್ರಾನ್ಸಿನಲ್ಲಿ ಮುಂದುವರಿದ ಶ್ವಾಸಕೋಶ ಕ್ಯಾನ್ಸರ್ ಇದ್ದವರು ಪ್ರತಿ ವಾರ ಅಂತರ್ಜಾಲದಲ್ಲಿ ಲಕ್ಷಣಗಳನ್ನು ತುಂಬಿ, ಹದಗೆಟ್ಟಾಗ ವೈದ್ಯರಿಗೆ ಎಚ್ಚರಿಕೆ ಹೋಗುವಂತೆ ನಡೆಸಿದ ಪ್ರಯೋಗವೊಂದರ 2019ರ ಫಲಿತಾಂಶದಲ್ಲಿ ಬದುಕುಳಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ಜನ ದಾಟಿದ ಅವಧಿ) 22.5 ತಿಂಗಳಿತ್ತು, ಮಾಮೂಲಿ ತಪಾಸಣೆಯವರಲ್ಲಿ 14.9 ತಿಂಗಳು. ಎಚ್ಚರಿಕೆ ಬಂದ ಕೂಡಲೇ ಯಾರೋ ಒಬ್ಬರು ಸ್ಪಂದಿಸುತ್ತಿದ್ದರೆಂಬುದು ಅಲ್ಲಿನ ಏರ್ಪಾಡಿನ ಮುಖ್ಯ ಭಾಗ. ಆದ್ದರಿಂದ ಆರಂಭಿಸುವ ಮೊದಲೇ ಹಾಳೆಯನ್ನು ಯಾರು ನೋಡುತ್ತಾರೆ, ಎಷ್ಟು ಏರಿದರೆ ಯಾರಿಗೆ ಫೋನ್ ಹೋಗಬೇಕು ಎಂಬುದನ್ನು ಹೆಸರು ಸಹಿತ ಬರೆದು ಗೋಡೆಗೆ ಅಂಟಿಸಿ.

ರೋಗ ಉಲ್ಬಣಿಸಿ ಕುಳಿತುಕೊಳ್ಳುವುದೇ ಕಷ್ಟವಾದಾಗ ಉಪಶಾಮಕ ಆರೈಕೆಗೆಂದು (ನೋವು, ತೊಂದರೆ ತಗ್ಗಿಸುವ ಆರೈಕೆ) ಸಿ30ನ್ನು ಸಂಕ್ಷೇಪಿಸಿದ 15 ಪ್ರಶ್ನೆಗಳ ಸಿ15-ಪಾಲ್‌ಗೆ ಬದಲಾಯಿಸಿ. ಅದಕ್ಕೂ ರೋಗಿ ಉತ್ತರಿಸಲಾರದೆ ಮನೆಯವರೇ ಉತ್ತರಿಸಿದರೆ 'ಮಗಳು ಹೇಳಿದ್ದು' ಎಂದು ಹಾಳೆಯ ಮೇಲೆ ಸ್ಪಷ್ಟವಾಗಿ ಬರೆಯಿರಿ, ಆ ಅಂಕವನ್ನು ರೋಗಿಯ ಹಿಂದಿನ ಅಂಕಗಳ ಗೆರೆಗೆ ಸೇರಿಸದೆ ಪ್ರತ್ಯೇಕವಾಗಿಡಿ.