ತಗಡಿನ ಶೆಡ್ ಒಳಗೊಂದು ಬೆಚ್ಚನೆಯ ರೂಮು

ಪೀಣ್ಯದಲ್ಲಿ ಹನ್ನೆರಡು ವರ್ಷ ಲೇತ್ ಮುಂದೆ ನಿಂತವನು ನಾನು. ಏಪ್ರಿಲ್ ಬಂದರೆ ತಗಡಿನ ಕೆಳಗೆ ಬೆಂದು ಹೋಗುತ್ತಿದ್ದೆವು. ಶೆಡ್ ಬಿಸಿ ಮಾಡೋದು ಹೇಗೆ ಅಂತ ಯಾರಾದರೂ ಆಗ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನಾನೂ ಒಬ್ಬ ಪಾರ್ಟ್ನರೂ ಸೇರಿ ಬಾಡಿಗೆ ಯೂನಿಟ್‌ನಲ್ಲಿ ಮಷೀನ್ ಶಾಪ್ ನಡೆಸುತ್ತೇವೆ. ಜನವರಿಯ ಬೆಳಿಗ್ಗೆ ಒಳಗೆ 6 ಡಿಗ್ರಿ. ಸೂಕ್ಷ್ಮ ಅಳತೆ ತೆಗೆಯುವ ಮೈಕ್ರೋಮೀಟರ್ ಹಿಡಿದರೆ ಬೆರಳು ಜುಂ ಅನ್ನುತ್ತೆ.

ಚಳಿ ತಡೆದುಕೊಳ್ಳಬಹುದು. ನಮಗೆ ಪೆಟ್ಟು ಬಿದ್ದದ್ದು ಅಳತೆಯಲ್ಲಿ. 100 ಮಿ.ಮೀ. ಹೊರವ್ಯಾಸದ ಅಲ್ಯೂಮಿನಿಯಂ ರಿಂಗ್, ಟಾಲರೆನ್ಸ್, ಅಂದರೆ ಸೈಜಿನಲ್ಲಿ ಒಪ್ಪುವ ಹೆಚ್ಚುಕಡಿಮೆ, ಪ್ಲಸ್ ಮೈನಸ್ 10 ಮೈಕ್ರಾನ್ (ಒಂದು ಮಿ.ಮೀ.ನಲ್ಲಿ ಸಾವಿರ ಮೈಕ್ರಾನ್). 8 ಡಿಗ್ರಿಯಲ್ಲಿ ಅಳೆದಾಗ ಸರಿಯಾಗಿ ಸೈಜಿಗೆ ಬಂದಿತ್ತು. ಗಿರಾಕಿ ತನ್ನ ಬೆಚ್ಚನೆಯ ರೂಮಿನಲ್ಲಿ ಅಳೆದು ಅಷ್ಟನ್ನೂ ವಾಪಸ್ ಕಳಿಸಿದ. ತಪ್ಪು ನಮ್ಮದೇ. ಅಳತೆ ಅಂದರೆ ಪ್ರಪಂಚದಲ್ಲೆಲ್ಲ 20 ಡಿಗ್ರಿಯ ಲೆಕ್ಕ. ಒಂದು ಮೀಟರ್ ಸ್ಟೀಲ್ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಕುಗ್ಗಿದರೆ ಅಲ್ಯೂಮಿನಿಯಂ 23 ಕುಗ್ಗುತ್ತೆ. ನಮ್ಮ ಸ್ಟೀಲ್ ಮೈಕ್ರೋಮೀಟರೂ ಕುಗ್ಗಿತ್ತು, ಆದರೆ ರಿಂಗಿನ ಅರ್ಧದಷ್ಟು ಮಾತ್ರ. 12 ಡಿಗ್ರಿ ವ್ಯತ್ಯಾಸಕ್ಕೆ ಲೆಕ್ಕ ಹಾಕಿ ನೋಡಿ, 20 ಡಿಗ್ರಿಯಲ್ಲಿ ರಿಂಗ್ ಹತ್ತಿರ ಹತ್ತಿರ 14 ಮೈಕ್ರಾನ್ ದೊಡ್ಡದು. ಆ ವಾರವೇ ಶೆಡ್ ಒಳಗೇ ಇನ್‌ಸ್ಪೆಕ್ಷನ್ ರೂಮ್, ಅಂದರೆ ಅಳತೆ ನೋಡುವ ಬೆಚ್ಚನೆಯ ರೂಮು, ಕಟ್ಟಲು ಶುರು ಮಾಡಿದೆವು.

ಮೊದಲ ಮಾತು: ಇಡೀ ಶೆಡ್ ಬಿಸಿ ಮಾಡಲು ಹೋಗಬೇಡಿ. ಬಿಸಿ ಗಾಳಿ ಆರೇಳು ಮೀಟರ್ ಮೇಲಿನ ತಗಡಿಗೆ ಹೋಗಿ ಕೂರುತ್ತೆ. ವ್ಯಾನ್ ಬಂತು ಅಂತ ಒಂದು ಸಲ ಶಟರ್ ಎತ್ತಿದರೆ ಬೆಳಗಿನಿಂದ ಕಾಯಿಸಿದ್ದೆಲ್ಲ ಬೀದಿ ಪಾಲು. ಹಾಗಂತ ಮಷೀನ್ ಮೇಲಿರುವವರನ್ನು ನಡುಗಲು ಬಿಡುವ ಹಾಗಿಲ್ಲ. ಕೂತು ಮಾಡುವ ಕೆಲಸಕ್ಕೆ ಕನಿಷ್ಠ 16 ಡಿಗ್ರಿ, ಮೈ ಬಗ್ಗಿಸಿ ಮಾಡುವ ಕೆಲಸಕ್ಕೆ 13 ಅಂತ ಇಲ್ಲಿ ಮಾರ್ಗಸೂಚಿ ಇದೆ. ಮಷೀನ್ ಹತ್ತಿರ ನಿಂತವರಿಗೆ ತಲೆ ಮೇಲಿಂದ ಕಿರಣ ಬೀರುವ ಹೀಟರ್ ಸಾಕು, ಅದು ಗಾಳಿಯನ್ನಲ್ಲ, ಮನುಷ್ಯನನ್ನು ಕಾಯಿಸುತ್ತೆ.

ಇನ್ನು ರೂಮು. ನಮ್ಮದು 4 ಮೀಟರ್‌ಗೆ 3 ಮೀಟರ್, ಎತ್ತರ 2.4. ನಾಲ್ಕು ಗೋಡೆ ನಿಲ್ಲಿಸಿ, ಶೆಡ್‌ಗೆ ಹೇಗೂ ತಗಡಿದೆಯಲ್ಲ ಅಂತ ಮೇಲೆ ಹಾಗೇ ಬಿಟ್ಟೆವು. 3 ಕಿಲೋವ್ಯಾಟ್ ಹೀಟರ್ ದಿನವಿಡೀ ಉರಿದರೂ ರೂಮು 11 ಡಿಗ್ರಿ ದಾಟಲಿಲ್ಲ. ಮುಚ್ಚಳ ಇಲ್ಲದ ಪಾತ್ರೆಯಲ್ಲಿ ಅನ್ನ ಬೇಯಿಸಿದ ಹಾಗೆ. ಸೀಲಿಂಗ್ ಹಾಕಿದ ದಿನವೇ ವ್ಯತ್ಯಾಸ ಗೊತ್ತಾಯಿತು.

ಎಷ್ಟು ದೊಡ್ಡ ಹೀಟರ್ ಬೇಕು? ಅಂಗಡಿಯವನನ್ನು ಕೇಳಬೇಡಿ, ನೀವೇ ಲೆಕ್ಕ ಹಾಕಿ. ಗೋಡೆ, ಸೀಲಿಂಗ್ ಸೇರಿ ನಮ್ಮದು 46 ಚದರ ಮೀಟರ್. ಹೊರಗೆ 6, ಒಳಗೆ 20, ಅಂದರೆ 14 ಡಿಗ್ರಿ ವ್ಯತ್ಯಾಸ. ಒಳಗೆ ಏನೂ ತುಂಬದ ಬರೀ ಬೋರ್ಡ್ ಗೋಡೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 2 ವ್ಯಾಟ್ ಬಿಟ್ಟುಕೊಡುತ್ತೆ. 46 × 2 × 14, ಹತ್ತಿರ ಹತ್ತಿರ 1,300 ವ್ಯಾಟ್. ಅದೇ ಗೋಡೆಗೆ 100 ಮಿ.ಮೀ. ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆ) ತುಂಬಿದರೆ ಆ 2 ಇಳಿದು 0.4 ಆಗುತ್ತೆ, 1,300 ಇಳಿದು 260. ನೆಲಕ್ಕೂ, ಉಸಿರಾಡುವ ಹೊಸ ಗಾಳಿಗೂ ಸೇರಿ ಇನ್ನೊಂದು 250 ಸೇರಿಸಿ. ಬೆಳಿಗ್ಗೆ ಬೇಗ ಕಾಯಲಿ ಅಂತ ನಾವು 1.5 ಕಿಲೋವ್ಯಾಟ್ ಆಯಿಲ್ ರೇಡಿಯೇಟರ್ ಇಟ್ಟೆವು. ಕಾದ ಮೇಲೆ ಅದು ಮೂರರಲ್ಲಿ ಎರಡು ಪಾಲು ಹೊತ್ತು ಸುಮ್ನೆ ಕೂತಿರುತ್ತೆ.

ಗೋಡೆ ಕಟ್ಟುವಾಗ ಪಾಲಿಥೀನ್ ಹಾಳೆಯನ್ನು ಬೆಚ್ಚಗಿರುವ ಬದಿಗೆ, ಒಳಗಿನ ಬೋರ್ಡಿನ ಹಿಂದೆಯೇ ಹೊಡೆಯಿರಿ. ಇಲ್ಲದಿದ್ದರೆ ಒಳಗಿನ ತೇವ ಉಣ್ಣೆಯೊಳಗೆ ಇಳಿದು ತಣ್ಣನೆಯ ಬದಿಯಲ್ಲಿ ನೀರಾಗುತ್ತೆ. ದುಡ್ಡು ಉಳಿಯುತ್ತೆ ಅಂತ ಥರ್ಮೋಕೋಲ್ ತುಂಬಬೇಡಿ. ಗ್ರೈಂಡಿಂಗ್ ಕಿಡಿ ಹಾರುವ ಜಾಗ, ರಾಕ್‌ವೂಲ್ ಆದರೆ ಹೊತ್ತಿಕೊಳ್ಳಲ್ಲ. ಬಾಗಿಲಿಗೆ ತಾನಾಗೇ ಮುಚ್ಚುವ ಕ್ಲೋಸರ್, ಸುತ್ತ ರಬ್ಬರ್ ಪಟ್ಟಿ, ಕೆಳಗೆ ಬ್ರಷ್. ನೆಲಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಕಾಲು ತಣ್ಣಗಿದ್ದರೆ ಗಾಳಿ 20 ಇದ್ದರೂ ಚಳಿಯೇ.

ಚಿಮಣಿ ಇಲ್ಲದ ಗ್ಯಾಸ್ ಹೀಟರ್ ಅಂತೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್ ಭಯ ಒಂದು. ಇನ್ನೊಂದು ಎಷ್ಟೋ ಜನಕ್ಕೆ ಗೊತ್ತಿಲ್ಲ: ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಲೀಟರ್‌ಗಿಂತ ಜಾಸ್ತಿ ನೀರು ಆವಿಯಾಗಿ ಗಾಳಿಗೆ ಸೇರುತ್ತೆ. ಮೊದಲ ಚಳಿಗಾಲ ಶೆಡ್‌ನಲ್ಲಿ ನಾವೂ ಒಂದನ್ನು ಓಡಿಸಿದ್ದೆವು. ಸಂಜೆಗೆ ತಗಡಿನಿಂದ ಹನಿ ತೊಟ್ಟಿಕ್ಕಿ, ಬೆಳಿಗ್ಗೆ ಲೇತ್ ಬೆಡ್ ಮೇಲೆ ಕಂದು ಚುಕ್ಕಿ. ಆಯಿಲ್ ಹಚ್ಚಿ ಉಜ್ಜಿದ್ದೇ ಉಜ್ಜಿದ್ದು.

ಪೇಂಟ್, ಥಿನ್ನರ್ ಇರುವ ರೂಮಿಗೆ ಇದ್ಯಾವುದೂ ಅನ್ವಯಿಸಲ್ಲ. ಅಲ್ಲಿ ಕಾದ ಕಾಯಿಲ್ ಇಡೋದೇ ಅಪಾಯ, ಆ ಕೆಲಸ ತಿಳಿದವರನ್ನೇ ಕರೆಸಿ. ಎಲ್ಲ ರೂಮಿಗೂ ಹೇಳಬೇಕಾದ್ದು ಒಂದಿದೆ: ರೂಮಿನೊಳಗಿರುವವರಿಗೆ ಶೆಡ್‌ನಲ್ಲಿ ಬೆಂಕಿ ಬಿದ್ದದ್ದು ಕಾಣಲ್ಲ. ಗೋಡೆಯಲ್ಲೊಂದು ಗಾಜಿನ ಕಿಟಕಿ ಇಡಿ, ಶೆಡ್‌ಗೆ ಹೊಗೆ ಅಲಾರಂ ಹಾಕಿ, ಅದರ ಸದ್ದು ಒಳಗೂ ಕೇಳಬೇಕು. ಕಟ್ಟುವ ಮೊದಲು ಮಾಲೀಕರ ಒಪ್ಪಿಗೆ ಕಾಗದದಲ್ಲೇ ತೆಗೆದುಕೊಳ್ಳಿ. ಸುತ್ತಿಟ್ಟ ಎಕ್ಸ್‌ಟೆನ್ಷನ್ ವೈರಿಗೆ ಹೀಟರ್ ಸಿಕ್ಕಿಸಬೇಡಿ, ಸುರುಳಿಯೇ ಕಾದು ಕರಗುತ್ತೆ.

ಇನ್‌ಸ್ಪೆಕ್ಷನ್ ರೂಮಿನಲ್ಲಿ ಕಿರಣ ಬೀರುವ ಹೀಟರ್ ಬೇಡ, ಜಾಬಿನ, ಅಂದರೆ ಅಳೆಯಬೇಕಾದ ಭಾಗದ, ಒಂದು ಬದಿ ಮಾತ್ರ ಕಾಯುತ್ತೆ. ಥರ್ಮಾಮೀಟರನ್ನು ಗೋಡೆಗೆ ನೇತುಹಾಕೋದಕ್ಕಿಂತ ಗ್ರಾನೈಟ್ ಸರ್ಫೇಸ್ ಪ್ಲೇಟ್ (ಅಳತೆಗೆ ಬಳಸುವ ಸಮತಟ್ಟಾದ ಕಲ್ಲು) ಮೇಲೆ ಜಾಬ್ ಪಕ್ಕದಲ್ಲೇ ಇಡಿ. ಸಂಜೆ ಮುಗಿದ ರಿಂಗ್‌ಗಳನ್ನು ಒರೆಸಿ ಆ ಪ್ಲೇಟ್ ಮೇಲೆ ಸಾಲಾಗಿ ಜೋಡಿಸಿ, ಮೈಕ್ರೋಮೀಟರನ್ನೂ ಅಲ್ಲೇ ಬಿಟ್ಟು ಮನೆಗೆ ಹೋಗುತ್ತೇವೆ. ಅಳೆಯೋದು ಮಾರನೇ ಬೆಳಿಗ್ಗೆ, ಅದೂ ಬಟ್ಟೆ ಗ್ಲೌಸ್ ಹಾಕಿಕೊಂಡು.